ಜ್ವಾಳ ಹೆಚ್ಚಾಗ್ಯಾವ

ಶ್ರೀಶೈಲ ಏನೂ ಹೇಳಲಿಲ್ಲ. ಶುರುವಾದದ್ದು ಅಲ್ಲಿಂದಲೇ.

ಇಂಡಿ ಊರಿನ ಲಿಂಬೆ ಮಾರುಕಟ್ಟೆಯಲ್ಲಿ ಅವನದೊಂದು ಅಡತಿ ಅಂಗಡಿ. ರಾಶಿಯ ಮುಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಒಂದು ಕಾಯಿಯನ್ನು ಅಂಗಿಯ ತೋಳಿಗೆ ಒರೆಸುತ್ತ, ಅದನ್ನೇ ನೋಡುತ್ತ ಮಾತಾಡಿದ.

"ರಜಾಕನ ಟಂಟಂ ಎಲ್ಲೆಲ್ಲಿ ನಿಲ್ಲತೈತಿ ಅಂತ ನಿಮಗ ಗೊತ್ತೇ ಇರಬೇಕಲ್ರಿ ಮಾಸ್ತರ."

"ಎಲ್ಲಿ ಹೆಚ್ಚಾಗ್ಯಾವ ಅಂತಾರೋ ಅಲ್ಲಿ ನಿಲ್ಲತೈತಿ," ಅಂದ ಗುರುನಾಥ.

"ಅಷ್ಟೇ ಆಗಿದ್ರ ಚಲೋನ."

"ಅಂದ್ರ?"

"ನಾ ಏನೂ ಅಂದಿಲ್ಲ ಬಿಡ್ರಿ." ಕಾಯಿಯನ್ನು ರಾಶಿಗೆ ಎಸೆದ. ಅದು ಉರುಳಿ, ಬೇರೆ ಕಾಯಿಗಳ ನಡುವೆ ಸೇರಿ, ಯಾವುದೆಂದು ಗುರುತು ಸಿಗದಂತಾಯಿತು.

ಗುರುನಾಥ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾನೆ. ಅಬ್ದುಲರಜಾಕ ಸರಕು ಸಾಗಿಸುವ ಮೂರು ಗಾಲಿಯ ಟಂಟಂ ಓಡಿಸುತ್ತಾನೆ. ಒಂದೇ ಸಾಲಿಯಲ್ಲಿ ಒಂದೇ ಹಲಗೆಯ ಮೇಲೆ ಕೂತು ಅಕ್ಷರ ಕಲಿತವರು. ಊರಿಗೆ ಊರೇ ಬಾಗಿಲು ಹಾಕಿಕೊಂಡ ಕೊರೋನಾ ವರ್ಷದಲ್ಲಿ ಇಬ್ಬರೂ ಸೇರಿ 'ಹಿಡಿ ಜ್ವಾಳ' ಶುರು ಮಾಡಿದರು. ಗಿರಣಿಗೆ ಜೋಳ ಕಳಿಸುವ ಮುಂಚೆ ಪ್ರತಿ ಮನೆಯವರೂ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕಬೇಕು. ಡಬ್ಬಿ ತುಂಬಿದರೆ ರಜಾಕನ ಟಂಟಂ ಬರುತ್ತದೆ. ಲಿಂಗಾಯತರ ಓಣಿ, ಮುಸಲ್ಮಾನರ ಓಣಿ, ಗುರುನಾಥನಂಥ ಬೌದ್ಧರ ಓಣಿ, ಎಲ್ಲ ಕಡೆಯದೂ ಒಂದೇ ರಾಶಿಗೆ ಬೀಳುತ್ತದೆ. ಬಿದ್ದ ಮೇಲೆ ಯಾವ ಹಿಡಿ ಯಾರದು ಅಂತ ಜೋಳಕ್ಕೂ ನೆನಪಿರುವುದಿಲ್ಲ ಎಂದು ರಜಾಕ ಹೇಳುತ್ತಿದ್ದ. ರಾಶಿಯನ್ನು ಸಣ್ಣ ಸಣ್ಣ ಚೀಲ ಮಾಡಿ, ಬಾಯಿ ಹೊಲಿದು, ಬುದ್ಧ ವಿಹಾರದ ಹಿಂದಿನ ಖೋಲಿಯಲ್ಲಿ ಇಡುವುದು. ಚೀಲ, ಸುತಳಿ, ಟಂಟಂನ ಡೀಸೆಲ್ ಶ್ರೀಶೈಲನ ಪಾಲು.

ಕೊಡುವುದಕ್ಕೆ ಒಂದು ರೀತಿಯಿತ್ತು. ಈ ಸೀಮೆಯಲ್ಲಿ ಮನೆಯ ಜೋಳ ಮುಗಿದರೆ ಮುಗಿದವು ಎಂದು ಯಾರೂ ಬಾಯಿ ಬಿಡುವುದಿಲ್ಲ. ಇಲ್ಲ ಅನ್ನುವ ಮಾತನ್ನು ಜೋಳ ಕೇಳಿಸಿಕೊಂಡರೆ ಮತ್ತೆ ಆ ಮನೆಯ ಹೊಸ್ತಿಲು ದಾಟುವುದಿಲ್ಲವಂತೆ. ಬಳೆ ಒಡೆದರೆ ಬಳೆ ಹೆಚ್ಚಾದವು. ಕುಂಕುಮ ತೀರಿದರೆ ಕುಂಕುಮ ಹೆಚ್ಚಾಯಿತು. ಜೋಳ ತೀರಿದರೆ ಜ್ವಾಳ ಹೆಚ್ಚಾಗ್ಯಾವ. ಗುರುನಾಥ ಈ ಮಾತಿನ ಮೇಲೇ ಇಡೀ ವ್ಯವಸ್ಥೆ ಕಟ್ಟಿದ್ದ. ಗುರುವಾರ ರಜಾಕ ಹೊಸ್ತಿಲ ಹೊರಗೆ ನಿಂತು "ಜ್ವಾಳ ಅದಾವ್ರಿ?" ಅನ್ನಬೇಕು. ಒಳಗಿನಿಂದ "ಅದಾವ" ಬಂದರೆ ಮುಂದಿನ ಮನೆ. "ಹೆಚ್ಚಾಗ್ಯಾವ" ಬಂದರೆ ಒಂದು ಚೀಲ ಇಳಿಸಿ ಹೊರಟುಬಿಡಬೇಕು. ಎರಡನೇ ಪ್ರಶ್ನೆ ಇಲ್ಲ. ಒಳಗೆ ಹೋಗುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ಯಾವ ಮನೆಯಲ್ಲಿ ಏನು ಅಂದರು ಎಂದು ಮತ್ತೊಬ್ಬರಿಗೆ ಹೇಳುವಂತಿಲ್ಲ. ನಾವು ಕೇಳಂಗಿಲ್ಲ, ಅವರೂ ಕೇಳಂಗಿಲ್ಲ. ಯಾರೂ ಯಾರ ಮುಂದೂ ಇಲ್ಲ ಅನ್ನಬೇಕಾಗಿರಲಿಲ್ಲ. ಗುರುನಾಥನಿಗೆ ಇದರ ಬಗ್ಗೆ ಒಳಗೊಳಗೇ ಒಂದು ಹೆಮ್ಮೆ ಇತ್ತು.

ಲಿಂಬೆ ಮಾರುಕಟ್ಟೆಯಿಂದ ಮನೆಗೆ ಬರುವ ದಾರಿಯಲ್ಲಿ ಆ ಹೆಮ್ಮೆಯ ಇನ್ನೊಂದು ಮಗ್ಗುಲು ಅವನಿಗೆ ಕಂಡಿತು. ಯಾರೂ ಕೇಳದ ವ್ಯವಸ್ಥೆಯಲ್ಲಿ ಚೀಲ ಎಲ್ಲಿಗೆ ಹೋಗುತ್ತದೆ ಎಂದು ತಿಳಿದವನು ಒಬ್ಬನೇ.

ತನ್ನ ಓಣಿಯ ತುದಿಯಲ್ಲಿ ಯಲ್ಲವ್ವ ಕಟ್ಟೆಯ ಮೇಲೆ ಕೂತಿದ್ದಳು. ಅವಳಿಗೆ ಕಣ್ಣು ಮಂಜು, ಬಾಯಿ ಚುರುಕು.

"ಯಾರದು, ಮಾಸ್ತರನ? ನಮ್ಮ ಮನ್ಯಾಗ ಜ್ವಾಳ ಭಾಳಂದ್ರ ಭಾಳ ಹೆಚ್ಚಾಗ್ಯಾವಪಾ. ಹೆಚ್ಚಾಗಿ ಹೆಚ್ಚಾಗಿ ಡಬ್ಬಿ ತಳ ಕಾಣಾಕತ್ತೈತಿ. ನಿಮ್ಮ ಟಂಟಂ ಈ ಕಡಿ ಹಾದಿ ಮರತಂಗ ಐತಿ."

"ರಜಾಕ ಬಂದಿಲ್ಲೇನ ಆಯಿ?"

"ಬಂದಿದ್ದ. ಗಾಡ್ಯಾಗಿನ ಚೀಲ ತೀರ್ಯಾವ, ಮುಂದಿನ ವಾರ ತರ್ತೇನಿ ಅಂದ. ತೀರ್ಯಾವ ಅಂದ ನೋಡು, ಬಾಯಿ ಬಿಟ್ಟ. ಹಂಗ ಅನಬಾರದು."

ಗುರುನಾಥ ವಿಹಾರದ ಹಿಂದಿನ ಖೋಲಿಯ ಬಾಗಿಲು ತೆಗೆದು ನೋಡಿದ. ಗೋಡೆಯ ಉದ್ದಕ್ಕೂ ಎದೆಮಟ್ಟ ಇರುತ್ತಿದ್ದ ಚೀಲಗಳ ಸಾಲು ಮೊಣಕಾಲಿಗೆ ಇಳಿದಿತ್ತು. ಸುಗ್ಗಿ ಮುಗಿದು ಬಹಳ ದಿನವಾಗಿರಲಿಲ್ಲ. ಊರಿನಲ್ಲಿ ಹಸಿವು ಹೆಚ್ಚಿದ ಸುದ್ದಿಯೂ ಇರಲಿಲ್ಲ.

ಗುರುವಾರ ಬೆಳಿಗ್ಗೆ ರಜಾಕ ಎಂದಿನಂತೆ ಚಪ್ಪಲಿ ಬಿಟ್ಟು ನೆಟ್ಟಗೆ ಅಡುಗೆಮನೆಯವರೆಗೆ ಬಂದ. ಗುರುನಾಥನ ಹೆಂಡತಿ ಸುಮಂಗಲಾ ಒಲೆಯ ಮೇಲಿನ ಚಹಾ ಇಳಿಸುವ ಮೊದಲೇ ಕಪ್ಪು-ಬಸಿ ತೆಗೆದುಕೊಂಡು ನಿಂತ.

"ಸುಮಂಗಲಕ್ಕ, ನಿಮ್ಮ ಗಂಡ ಯಾಕ ಮಾರಿ ಗಂಟ ಹಾಕ್ಯಾನ? ಹುಡುಗ್ರು ಪಾಸಾದುವೇನು?"

"ಅವರ ಮಾರಿನ ಹಂಗ," ಅಂದಳು ಸುಮಂಗಲಾ. "ಮೊಮ್ಮಗ ಹೆಂಗದಾನ?"

"ನೀವು ಹೊಲಿದ ಕೊಟ್ಟ ಕೌದಿ ಬಿಟ್ಟು ಮಲಗವಲ್ಲ. ಮನ್ನಿ ಒಗದು ಒಣಗ ಹಾಕಿದ್ರ ಅದು ಒಣಗೂತನಕ ಅತ್ತಾನ."

ಗುರುನಾಥ ಕೇಳಿದ: "ಲೇ ರಜಾಕ, ಚೀಲ ಭಾಳ ಲಗೂನ ತೀರಾಕತ್ತಾವಲ್ಲ."

"ಹೆಚ್ಚಾಗ್ಯಾವ ಅಂದ್ರು, ಇಳಿಸಿದ್ನಿ."

"ಎಲ್ಲಿ?"

ರಜಾಕ ಬಸಿಯ ಅಂಚಿನಿಂದ ಅವನನ್ನು ನೋಡಿದ. "ಗುರ್ಯಾ, ಕೇಳಬಾರದು ಅಂತ ಹೇಳಿದಾಂವ ನೀನ."

ಮೊಳೆಗೆ ತೂಗುಹಾಕಿದ್ದ ಖೋಲಿಯ ಕೀಲಿಯನ್ನು ತಾನೇ ತೆಗೆದುಕೊಂಡು ಹೊರಟ. ಅವನು ಅದನ್ನು ಕೇಳಿ ತೆಗೆದುಕೊಂಡದ್ದು ಎಂದೂ ಇಲ್ಲ. ಗುರುನಾಥ ಅದನ್ನು ಗಮನಿಸಿದ್ದೂ ಅವತ್ತೇ ಮೊದಲು.

ಮುಂದಿನ ದಿನಗಳಲ್ಲಿ ಶ್ರೀಶೈಲ ಸ್ವಲ್ಪ ಸ್ವಲ್ಪವೇ ಹೇಳಿದ, ಪ್ರತಿ ಸಲವೂ ಏನೂ ಹೇಳಲಿಲ್ಲ ಅನ್ನುತ್ತ. ಹೊರ್ತಿ ರಸ್ತೆಯ ಕಡೆ ಒಂದು ಓಣಿ. ಲಾರಿ ಓಡಿಸುವ ಸಂಗುನ ಮನೆ. ಸಂಗು ಅಪಘಾತವಾಗಿ ಸೊಲ್ಲಾಪುರದ ದವಾಖಾನೆಯಲ್ಲಿ ಮಲಗಿದ್ದಾನೆ. ಅವನ ತಮ್ಮ ಅಲ್ಲಿದ್ದಾನೆ. ಇಲ್ಲಿ ಹೆಂಡತಿ ಭುವನೇಶ್ವರಿ ಒಬ್ಬಳೇ, ಸಣ್ಣ ಹುಡುಗಿಯೊಂದನ್ನು ಕಟ್ಟಿಕೊಂಡು. ಮೈಸೂರು ಕಡೆಯವಳು, ಈ ಊರಿಗೆ ಹೊಸಬಳು, ಇಲ್ಲಿ ಅವಳಿಗೆ ಬಂಧು ಬಳಗ ಇಲ್ಲ. ಎದುರು ಮನೆಯ ಇಂದುಬಾಯಿ ಶ್ರೀಶೈಲನ ದೂರದ ಸಂಬಂಧಿ.

"ಇಂದುಬಾಯಿ ಏನಂತಾಳ ಗೊತ್ತೇನ್ರಿ? ಆ ಮನ್ಯಾಗ ವಾರಕ್ಕೊಂದ ಚೀಲ ಹೆಚ್ಚಾಗತಾವಂತ. ಒಂದ ಹೆಣ್ಮಗಳು, ಒಂದ ಕೂಸು. ಆನಿ ಕಟ್ಟ್ಯಾಳೇನು ಹಿತ್ತಲದಾಗ?"

"ವಾರಕ್ಕೊಂದ?"

"ಪ್ರತಿ ಗುರುವಾರ. ಅದೂ ಮಟ ಮಟ ಮಧ್ಯಾಹ್ನ, ಓಣ್ಯಾಗ ನಾಯಿ ಸುದ್ದಾ ಇರದಾಗ."

ಗುರುನಾಥ ರಾಶಿಯಿಂದ ಉರುಳಿದ ಒಂದು ಕಾಯಿಯನ್ನು ಎತ್ತಿ ವಾಪಸ್ಸಿಟ್ಟ.

"ಮಾರ್ತಾಳೋ, ಮಾರಿಸ್ತಾರೋ, ಮತ್ತೇನೋ, ನಮಗೇನ ಗೊತ್ತು," ಅಂದ ಶ್ರೀಶೈಲ. "ನಾ ಅಂವನ ಮ್ಯಾಲ ಸಂಶಯ ಪಡಾಂವ ಅಲ್ಲ. ಆದ್ರ ಕಾಲ ಹೆಂಗೈತಿ ನೋಡ್ರಿ."

ಈ 'ಮತ್ತೇನೋ' ಅನ್ನುವ ಶಬ್ದ ಗುರುನಾಥನ ಜೊತೆ ಮನೆಗೆ ಬಂತು. ಊಟಕ್ಕೆ ಕೂತಾಗ ತಾಟಿನ ಆಚೆ ಕೂತಿತು. ಅವನಿಗೆ ರಜಾಕನ ಮೇಲೆ ಸಂಶಯವಿರಲಿಲ್ಲ. ಹಾಗೆಂದು ಅವನು ತನಗೆ ತಾನೇ ಮತ್ತೆ ಮತ್ತೆ ಹೇಳಿಕೊಂಡ. ಸಂಶಯವಿಲ್ಲದವನು ಅಷ್ಟು ಸಲ ಹೇಳಿಕೊಳ್ಳುವುದಿಲ್ಲ ಎಂಬುದೂ ಹೊಳೆಯಿತು. ಹೊಳೆದದ್ದನ್ನು ಪಕ್ಕಕ್ಕಿಟ್ಟ. ಸಂಶಯವಲ್ಲ, ಖಾತ್ರಿ ಮಾಡಿಕೊಳ್ಳುವುದು. ರಜಾಕನ ಸಲುವಾಗಿಯೇ. ನಾಳೆ ಯಾರಾದರೂ ಕೇಳಿದರೆ ಗೆಳೆಯ ನಿರಪರಾಧಿ ಅನ್ನುವುದಕ್ಕೆ ಆಧಾರ ಬೇಕಲ್ಲ.

ಬುಧವಾರ ಸಂಜೆ ಅವನು ಸುಮಂಗಲಾಳ ಕೌದಿಯ ಗಂಟು ಬಿಚ್ಚಿ, ಕೆಂಪು ದಾರದ ಉಂಡೆ ತೆಗೆದು, ಅದರಿಂದ ಒಂದಿಷ್ಟು ಹರಿದುಕೊಂಡ.

"ಅದ್ಯಾಕ?" ಅಂದಳು ಅವಳು.

"ಚೀಲ ಹೊಲ್ಯಾಕ. ಸುತಳಿ ತೀರೇತಿ."

"ಹೆಚ್ಚಾಗೇತಿ ಅನ್ರಿ. ಸುತಳಿ ಉಂಡಿ ಮನ್ನಿ ಕಳಿಸ್ಯಾರಲ್ಲ ಶ್ರೀಶೈಲಪ್ಪನವರು, ಇಷ್ಟ ದೊಡ್ಡದು."

ಗುರುನಾಥ ದಬ್ಬಣ ಹುಡುಕುತ್ತಿದ್ದ.

"ರಜಾಕಣ್ಣನ ಬಗ್ಗೆ ಮಂದಿ ಏನೋ ಮಾತಾಡಾಕತ್ತಾರ," ಅಂದಳು ಸುಮಂಗಲಾ. "ನೀರಿಗೆ ಹೋದಾಗ ಕೇಳಿದ್ನಿ. ನಿಮ್ಮ ಕಿವಿಗೆ ಬಿದ್ದೈತೇನು?"

"ಇಲ್ಲ."

"ಬಿದ್ದಿದ್ರ ಹೋಗಿ ಅಂವನ್ನ ಕೇಳ್ರಿ. ಮಾರಿ ಮುಂದ. ದಾರ ಯಾಕ ಬೇಕು?"

ಅವನು ಖೋಲಿಗೆ ಹೋಗಿ, ಅಲ್ಲಿದ್ದ ಚೀಲಗಳನ್ನೆಲ್ಲ ಒಂದೊಂದಾಗಿ ಎಳೆದು, ಸುತಳಿಯ ಹೊಲಿಗೆಯ ಕೊನೆಗೆ ಗುರುತಿಗೆಂದು ಕೆಂಪು ದಾರದ ಒಂದು ಟಾಕಿ ಹೊಲಿದ. ನೋಡಲೇಬೇಕೆಂದು ನೋಡಿದರೆ ಕಾಣುವಷ್ಟು, ಇಲ್ಲದಿದ್ದರೆ ಇಲ್ಲ. ಕೆಲಸ ಮುಗಿದಾಗ ಬೆರಳಿನ ತುದಿ ಚುಚ್ಚಿ ರಕ್ತ ಬಂದಿತ್ತು. ಅದು ದಾರದ ಬಣ್ಣವೋ ರಕ್ತವೋ ಎಂದು ಸ್ವಲ್ಪ ಹೊತ್ತು ತಿಳಿಯಲಿಲ್ಲ.

ಮರುದಿನ ಅರ್ಧ ದಿನದ ರಜೆ ಹಾಕಿ ಹೊರ್ತಿ ರಸ್ತೆಯ ಓಣಿಗೆ ಹೋದ. ಬಿಸಿಲು ಗೋಡೆಗಳ ಮೇಲೆ ನೇರ ನಿಂತಿತ್ತು. ಓಣಿಯ ಮೂಲೆಯಲ್ಲಿ ಬಂದ್ ಆದ ಪಾನ್ ಡಬ್ಬಿ ಅಂಗಡಿಯೊಂದರ ನೆರಳಿನಲ್ಲಿ ನಿಂತ. ಎದುರು ಮನೆಯ ಕಿಟಕಿಯ ಪರದೆಯ ಹಿಂದೆ ಇಂದುಬಾಯಿ ಇದ್ದಾಳೆ ಎಂದು ಅವನಿಗೆ ಗೊತ್ತಿತ್ತು. ತಾನೂ ಈಗ ಒಂದು ಪರದೆಯ ಹಿಂದೆ ಇರುವವನೇ.

ಟಂಟಂ ಬಂತು. ರಜಾಕ ಇಳಿದು ಒಂದು ಬಾಗಿಲ ಹೊರಗೆ ನಿಂತು ಏನೋ ಕೇಳಿದ. ಹೆಣ್ಣುಮಗಳು ಹೊರಬಂದಳು. ತೆಳ್ಳಗೆ, ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು, ಹೊಲಿಗೆ ಯಂತ್ರದಿಂದ ಎದ್ದು ಬಂದವಳಂತೆ. ಮಾತು ಕೇಳಿಸುವಷ್ಟು ಹತ್ತಿರವಿರಲಿಲ್ಲ. ಕಂಡದ್ದು ಇಷ್ಟೇ. ಅವಳು ಕೈಯಿಂದ ಒಳಗೆ ತೋರಿಸಿದಳು. ಬಾ ಅನ್ನುವ ಹಾಗೆ. ರಜಾಕ ತಲೆ ಅಲ್ಲಾಡಿಸಿದ. ಅವಳು ಮತ್ತೆ ಕರೆದಳು, ಈಗ ಎರಡೂ ಕೈಯಿಂದ. ರಜಾಕ ಓಣಿಯ ಆ ತುದಿ ನೋಡಿದ, ಈ ತುದಿ ನೋಡಿದ. ತುಟಿಯ ಮೇಲೆ ಬೆರಳಿಟ್ಟ. ಚೀಲ ಹೊಸ್ತಿಲಿಗೆ ಇಳಿಸಿ, ಯಾರೋ ಅಟ್ಟಿಸಿಕೊಂಡು ಬಂದಂತೆ ಗಾಡಿ ಏರಿ ಹೊರಟುಹೋದ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ಟಂಟಂ ಮರೆಯಾಗುವವರೆಗೆ ನಿಂತಿದ್ದಳು.

ಒಬ್ಬ ಹೆಂಗಸು ಒಳಗೆ ಕರೆಯುವುದು, ಒಬ್ಬ ಗಂಡಸು ಓಣಿ ನೋಡುವುದು. ಇದರಲ್ಲಿ ತಿಳಿಯದೇ ಇರುವುದು ಏನಿದೆ?

ಶನಿವಾರ ಅವನು ಧಾನ್ಯದ ಅಂಗಡಿಗಳ ಸಾಲಿನಲ್ಲಿ ನಡೆದ. ಜುಲ್ಫಿಕರನ ಅಂಗಡಿಯಲ್ಲಿ ಜೋಳದ ದರ ಕೇಳುವವನಂತೆ ಬಗ್ಗಿ ಚೀಲಗಳ ಬಾಯಿ ನೋಡಿದ. ಪಕ್ಕದ ಅಂಗಡಿಯಲ್ಲೂ ನೋಡಿದ. ಕೆಂಪು ದಾರ ಎಲ್ಲೂ ಇರಲಿಲ್ಲ.

"ಏನ ಹುಡುಕಾಕತ್ತೀರಿ ಮಾಸ್ತರ?" ಅಂದ ಜುಲ್ಫಿಕರ. "ಜ್ವಾಳ ಚೀಲದ ಒಳಗಿರತಾವ. ನೀವು ಹೊರಗ ನೋಡಾಕತ್ತೀರಿ."

ಸಿಗದಿದ್ದದ್ದು ಸಮಾಧಾನ ಕೊಡಬೇಕಿತ್ತು. ಕೊಡಲಿಲ್ಲ. ಇಂಡಿಯಲ್ಲಿ ಮಾರಿದರೆ ಗೊತ್ತಾಗುತ್ತದೆ ಅಂತ ತಾಂಬಾ ಊರಿಗೆ ಒಯ್ದಿರಬಹುದು. ಸಿಂದಗಿಗೂ ಒಯ್ದಿರಬಹುದು. ಅವನಿಗೆ ಟಂಟಂ ಇದೆ. ಗೆಳೆಯನನ್ನು ಕಳ್ಳನೆಂದು ನೆನೆಯಲು ಶುರು ಮಾಡಿದ ಮೇಲೆ ಅವನ ಜಾಣತನದ ಬಗ್ಗೆಯೂ ಗೌರವ ಬೆಳೆಯಿತು.

ಆ ಸಂಜೆ ಶ್ರೀಶೈಲ ಮನೆಗೇ ಬಂದ. ಮೊಬೈಲ್ ಮುಂದೆ ಹಿಡಿದ. ಯಾವುದೋ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ. ಸಂಗುನ ಮನೆಯ ಬಾಗಿಲು, ಅದರ ಮುಂದೆ ರಜಾಕನ ಟಂಟಂ. ಕೆಳಗೆ ಒಂದು ಸಾಲು: 'ಗಂಡ ದವಾಖಾನ್ಯಾಗ. ಇಂವ ಯಾರು?' ಅದರ ಕೆಳಗೆ ಹೆಸರಿಲ್ಲದ ನಂಬರುಗಳ ಉತ್ತರಗಳು. ಗುರುನಾಥ ಎರಡು ಓದಿ ಮೊಬೈಲ್ ವಾಪಸ್ಸು ಕೊಟ್ಟ.

"ಈ ಗುಂಪಿನ ಹುಡುಗ್ರು ನಾಳೆ ಆ ಮನಿಗೆ ಹೋಗತಾರಂತ," ಅಂದ ಶ್ರೀಶೈಲ. ಮೊದಲ ಸಲ ಅವನು ಏನೋ ಹೇಳಿದ್ದ, ಮತ್ತು ಅವನ ದನಿಯಲ್ಲಿ ಹೆದರಿಕೆ ಇತ್ತು. "ನಾ ಅಂದದ್ದು ಇಷ್ಟು ದೂರ ಹೋಗತೈತಿ ಅಂತ ತಿಳಿದಿರಲಿಲ್ರಿ. ಅವರು ಹೋಗೂಕಿಂತ ಮೊದಲ ನಾವ ಹೋಗೂಣು. ಈಗ. ಏನೈತಿ ಏನಿಲ್ಲ ನೋಡೂಣು. ಕೆಟ್ಟದ್ದಿದ್ರ ನಾವ ಮುಗಿಸೂಣು, ಇಲ್ಲದಿದ್ರ ನಾನ ನಿಂತ ಹೇಳತೇನಿ."

"ರಜಾಕನ್ನ ಕರೀರಿ," ಅಂದಳು ಸುಮಂಗಲಾ ಒಳಗಿನಿಂದ. ಸೆರಗು ಸಿಕ್ಕಿಸಿಕೊಂಡು ಹೊರಬಂದಳು. "ನಾನೂ ಬರ್ತೇನಿ. ಒಬ್ಬಾಕಿ ಮನಿಗೆ ಇಷ್ಟ ಮಂದಿ ಗಂಡಸರ ಹೋಗಬ್ಯಾಡ್ರಿ."

ರಜಾಕ ಬಂದ. ಫೋಟೋ ನೋಡಿದ. ಬಹಳ ಹೊತ್ತು ನೋಡಿದ.

"ಗಾಡಿ ತೊಳಿಬೇಕಾಗಿತ್ತು," ಅಂದ. "ಎಷ್ಟ ಹೊಲಸ ಕಾಣತೈತಿ."

ಯಾರೂ ನಗಲಿಲ್ಲ. ಅವನು ಗುರುನಾಥನ ಕಡೆ ತಿರುಗಿದ. "ನೀನೂ ಹಂಗ ತಿಳಿದೀಯೇನ?"

"ನಾ ಯಾಕ ತಿಳಿಲಿ," ಅಂದ ಗುರುನಾಥ. "ಮಂದಿ ಬಾಯಿ ಮುಚ್ಚಸಬೇಕಲ್ಲ, ಅದಕ್ಕ."

"ಅಷ್ಟ ಆದ್ರ ಹೋಗೂಣ ನಡಿ."

ಟಂಟಂನಲ್ಲೇ ಹೋದರು. ಇಂದುಬಾಯಿಯ ಪರದೆ ಅಲ್ಲಾಡಿತು. ರಜಾಕ ಅಭ್ಯಾಸದಂತೆ ಹೊಸ್ತಿಲ ಹೊರಗೇ ನಿಂತ. ಭುವನೇಶ್ವರಿ ಬಾಗಿಲು ತೆಗೆದು ನಾಲ್ವರನ್ನೂ ನೋಡಿದಳು. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಮಗಳನ್ನು ತನ್ನ ಹಿಂದಕ್ಕೆ ಎಳೆದುಕೊಂಡಳು.

"ಬಂದ್ರಾ," ಅಂದಳು. "ಬರ್ತೀರ ಅಂತ ಗೊತ್ತಿತ್ತು. ಎಲ್ಲಾ ಒಳಗೇ ಇದೆ. ತಗೊಂಡು ಹೋಗ್ಬಿಡಿ. ಒಂದು ಕಾಳೂ ನಾನು ಮುಟ್ಟಿಲ್ಲ."

ಒಳಗೆ ಒಂದೇ ಕೋಣೆ. ಒಂದು ಗೋಡೆಗೆ ಹೊಲಿಗೆ ಯಂತ್ರ. ಎದುರು ಗೋಡೆಗೆ, ನೆಲದಿಂದ ಕಿಟಕಿಯವರೆಗೆ, ಜೋಳದ ಚೀಲಗಳು. ಬಾಯಿ ಹೊಲಿದದ್ದು ಹೊಲಿದ ಹಾಗೇ. ಮೇಲೊಂದು ಹಳೆಯ ಸೀರೆ ಹೊದಿಸಿತ್ತು. ಹುಡುಗಿ ಮಲಗಲು ಚೀಲದ ಸಾಲಿಗೂ ಒಲೆಗೂ ನಡುವೆ ಉಳಿದಿದ್ದ ಕಿರಿದಾದ ಜಾಗದಲ್ಲಿ ಒಂದು ಚಾಪೆ.

ರಜಾಕನೇ ಕೇಳಿದ. ಅದು ಎರಡನೇ ಪ್ರಶ್ನೆ, ನಿಯಮ ಮುರಿದದ್ದು ಅವನೇ ಮೊದಲು.

"ಯಾಕವ್ವಾ? ಯಾಕ ಉಂಡಿಲ್ಲ?"

"ಕದ್ದ ಮಾಲು ಯಾರು ತಿಂತಾರೆ?" ಅಂದಳು ಭುವನೇಶ್ವರಿ.

"ಕದ್ದ ಮಾಲು?"

"ಮತ್ತೇನು? ಮೊದಲ್ನೇ ಸಲ ಜೋಳ ಇಲ್ಲ ಅಂದೆ, ಒಂದು ಚೀಲ ಕೊಟ್ರಿ, ದೇವರಂಥೋರು ಅಂದ್ಕೊಂಡೆ. ನಮಗೆ ರೊಟ್ಟಿ ತಟ್ಟಕ್ಕೆ ಬರಲ್ಲ, ಅನ್ನ ಉಣ್ಣೋರು. ಅದೇ ಹಂಗೇ ಉಳೀತು. ಮಾರನೇ ವಾರ ಬಂದು ಜೋಳ ಇದಾವಾ ಅಂದ್ರಿ. ಹೆಚ್ಚಾಗಿದೆ ಅಣ್ಣ ಅಂದೆ. ಇನ್ನೊಂದು ಚೀಲ ಇಳಿಸಿದ್ರಿ. ಮುಂದಿನ ವಾರನೂ ಹೆಚ್ಚಾಗಿದೆ ಅಂದೆ. ಇನ್ನೊಂದು. ಒಳಗೆ ಬಂದು ನೋಡಿ ಎಷ್ಟು ಹೆಚ್ಚಾಗಿದೆ ಅಂತ ಎರಡು ಕೈಲಿ ಕರೆದೆ, ಆಕಡೆ ಈಕಡೆ ನೋಡಿ ಓಡೋಗ್ತೀರಿ. ಯಾಕೆ ಇಷ್ಟೊಂದು ಅಂದ್ರೆ ಬಾಯಿ ಮೇಲೆ ಬೆರಳಿಟ್ಕೊಂಡು ಕೇಳಬ್ಯಾಡ್ರಿ ಅಂತೀರಿ. ಒಳ್ಳೆ ಕೆಲಸ ಮಾಡೋರು ಹಂಗೆ ಓಡೋಗ್ತಾರಾ? ಎಲ್ಲಿಂದನೋ ಹೊಡ್ಕೊಂಡು ಬಂದು, ಗಂಡ ಇಲ್ಲದ ಮನೆ ಅಂತ ನಮ್ಮನೇಲಿ ಬಚ್ಚಿಡ್ತಿದೀರಿ ಅಂದ್ಕೊಂಡೆ. ಪೊಲೀಸ್ನೋರು ಬಂದ್ರೆ ಏನು ಹೇಳ್ಲಿ ಅಂತ ಯೋಚನೆ ಮಾಡಿ ಮಾಡಿ ನಿದ್ದೆ ಇಲ್ಲ ನಂಗೆ."

ಸುಮಂಗಲಾ ಗೋಡೆಗೆ ಕೈ ಕೊಟ್ಟು ನಿಂತಿದ್ದಳು. ಮೊದಲು ತಿಳಿದದ್ದು ಅವಳಿಗೆ.

"ಅಯ್ಯ ನಮ್ಮವ್ವಾ," ಅಂದಳು ನಿಧಾನವಾಗಿ. "ನಮ್ಮ ಕಡಿ ಹೆಚ್ಚಾಗೇತಿ ಅಂದ್ರ ಇಲ್ಲ ಅಂತ. ಇಲ್ಲ ಅನಬಾರದಂತ ಹಂಗ ಅಂತೀವಿ."

ಭುವನೇಶ್ವರಿ ಒಬ್ಬೊಬ್ಬರ ಮುಖವನ್ನೂ ನೋಡಿದಳು, ಇದೂ ಒಂದು ಮೋಸವಿರಬಹುದು ಅನ್ನುವಂತೆ.

"ಹಂಗಾದ್ರೆ ನಿಜವಾಗ್ಲೂ ಹೆಚ್ಚಾದ್ರೆ ಏನಂತೀರಿ?"

ರಜಾಕ ಗುರುನಾಥನನ್ನು ನೋಡಿದ. ಗುರುನಾಥ ಶ್ರೀಶೈಲನನ್ನು ನೋಡಿದ.

"ನಮ್ಮ ಕಡಿ ಹೆಚ್ಚಾಗೂದ ಇಲ್ಲವ್ವಾ," ಅಂದ ಶ್ರೀಶೈಲ. "ಅದಕ್ಕ ಆ ಮಾತ ಖಾಲಿ ಬಿದ್ದಿತ್ತು, ಬ್ಯಾರೇ ಕೆಲಸಕ್ಕ ಹಚ್ಚೇವಿ."

ಆಗ ಅವಳು ನಕ್ಕಳು. ಸುಮಂಗಲಾ ನಕ್ಕಳು. ಶ್ರೀಶೈಲ ಕಣ್ಣೊರೆಸಿಕೊಳ್ಳುವವರೆಗೆ ನಕ್ಕು, ಬಾಗಿಲಿಗೆ ಹೋಗಿ, ಎದುರಿನ ಪರದೆಯ ಕಡೆ ದನಿ ಎತ್ತಿ ಹೇಳಿದ: "ಇಂದಕ್ಕಾ, ಹೊರಗ ಬಾ. ಆನಿ ಕಟ್ಟಿಲ್ಲ ಇಲ್ಲಿ. ಬಂದ ಎಣಿಸು, ನಿಮ್ಮ ಹುಡುಗ್ರಿಗೂ ಹೇಳು. ಫೋಟೋ ಬೇಕಾದ್ರ ನನ್ನ ಫೋಟೋ ಹಾಕ್ರಿ."

ಇಂದುಬಾಯಿ ಬಂದಳು. ಓಣಿಯ ಇನ್ನೂ ಕೆಲವರು ಬಂದರು. ಶ್ರೀಶೈಲ ಒಳ್ಳೆಯ ಮಾತುಗಾರ. ಏನೂ ಹೇಳದೆ ಹಬ್ಬಿಸಿದ್ದನ್ನು ಈಗ ಎಲ್ಲ ಹೇಳಿ ಒರೆಸುವ ಹುರುಪು ಅವನಿಗೆ. ನಾಳೆ ತಾನೇ ಈ ಹೊಸ್ತಿಲ ಮೇಲೆ ಕೂತಿರುತ್ತೇನೆ, ಯಾವ ಹುಡುಗರು ಬರುತ್ತಾರೋ ಬರಲಿ ಅಂದ. ಭುವನೇಶ್ವರಿಗೆ ಏನು ಬೇಕು ಎಂದು ಸುಮಂಗಲಾ ನೆಟ್ಟಗೆ ಕೇಳಿದಳು. "ಅಕ್ಕಿ," ಅಂದಳು ಅವಳು. "ಇಲ್ಲ. ಅಕ್ಕಿ ಇಲ್ಲ. ಇಲ್ಲ ಅಂದ್ರೆ ಇಲ್ಲ ಅಂತಾನೆ." ಮತ್ತೆ ನಗು.

ಚೀಲಗಳನ್ನು ವಾಪಸ್ಸು ಟಂಟಂಗೆ ಹೇರಬೇಕಿತ್ತು. ಯಲ್ಲವ್ವನ ಮನೆಗೂ ಇದರಲ್ಲೇ ಒಂದು. ಗುರುನಾಥ ಎಲ್ಲರಿಗಿಂತ ಮುಂದೆ ನುಗ್ಗಿದ. ಮೇಲಿನ ಚೀಲ, ಕೊನೆಯ ಗುರುವಾರ ಬಂದದ್ದು, ತಾನೇ ಎತ್ತಿಕೊಳ್ಳಬೇಕು ಅನ್ನುವುದೊಂದೇ ಅವನ ತಲೆಯಲ್ಲಿತ್ತು. ಆದರೆ ಚೀಲ ಹೊರುವುದು ಅವನ ಕೆಲಸವಲ್ಲ. ಅವನ ಕೈ ತಲುಪುವ ಮೊದಲೇ ರಜಾಕ ಅದನ್ನು ಹೆಗಲಿಗೆ ಎತ್ತಿದ್ದ. ಎತ್ತುವಾಗ ಬೆರಳಿಗೆ ಹೊಲಿಗೆ ತಗುಲಿತು. ಇಳಿಸಿದ. ಬಾಯಿಯನ್ನು ಬೆಳಕಿನ ಕಡೆ ತಿರುಗಿಸಿದ.

ಸುತಳಿಯ ಕೊನೆಯಲ್ಲಿ ಕೆಂಪು ಟಾಕಿ. ಚಿಕ್ಕದು.

ರಜಾಕ ಹೆಬ್ಬೆರಳಿನಿಂದ ಅದನ್ನು ಮುಟ್ಟಿ ನೋಡಿದ. ದಾರ ಎರಡೆಳೆಯದು, ಹುರಿ ಬಿಗಿ. ತನ್ನ ಮೊಮ್ಮಗ ಹೊದ್ದು ಮಲಗುವ ಕೌದಿಯ ಅಂಚಿನ ತುಂಬ ಇದೇ ದಾರ ಓಡಿದೆ. ಮಗು ಅದರ ಗಂಟನ್ನು ಬಾಯಲ್ಲಿಟ್ಟುಕೊಂಡು ನಿದ್ದೆ ಹೋಗುತ್ತದೆ.

ಅವನು ಗುರುನಾಥನನ್ನು ನೋಡಲಿಲ್ಲ. ಸುಮಂಗಲಾಳನ್ನು ನೋಡಿದ. ಅವಳು ತಲೆ ತಗ್ಗಿಸಿದಳು.

"ಚಲೋ ದಾರ," ಅಂದ ರಜಾಕ. "ಹರಿಯೂದಿಲ್ಲ."

ಚೀಲವನ್ನು ಮತ್ತೆ ಹೆಗಲಿಗೇರಿಸಿಕೊಂಡು ಹೊರಗೆ ನಡೆದ. ಉಳಿದ ಚೀಲಗಳನ್ನೂ ಅವನೇ ಹೊತ್ತ. ಗುರುನಾಥ ಕೈ ಹಾಕಿದ ಕಡೆಯೆಲ್ಲ ಅವನ ಕೈ ಮೊದಲೇ ಇತ್ತು.

ಮರುದಿನ ಹುಡುಗರು ಬರಲಿಲ್ಲ. ಫೋಟೋ ಎಲ್ಲಿಂದ ಬಂದಿತ್ತೋ ಅಲ್ಲಿಗೆ ಹೋಯಿತು. ಲಿಂಬೆ ಮಾರುಕಟ್ಟೆಯಲ್ಲಿ ಶ್ರೀಶೈಲ ಇಡೀ ಕಥೆಯನ್ನು ಚಹಾದ ಜೊತೆ ಹಂಚಿದ. ಜನ ನಕ್ಕರು, ಹಿಡಿ ಜೋಳದ ಡಬ್ಬಿಗಳು ಮುಂಚಿಗಿಂತ ಬೇಗ ತುಂಬಿದವು. ಶ್ರೀಶೈಲ ಒಂದು ಚೀಲ ಅಕ್ಕಿ ತರಿಸಿದ. ಸುಮಂಗಲಾ ಭುವನೇಶ್ವರಿಗೆ ರೊಟ್ಟಿ ತಟ್ಟುವುದನ್ನು ಕಲಿಸಲು ಹೋಗಿಬಂದಳು. ಎಲ್ಲವೂ ಸರಿಯಾಯಿತು ಎಂದು ಎಲ್ಲರೂ ಹೇಳಿದರು. ಗುರುನಾಥನೂ ಹೇಳಿದ.

ಗುರುವಾರ ಬೆಳಿಗ್ಗೆ ಚಹಾ ಕುದಿಯುತ್ತಿತ್ತು. ಟಂಟಂನ ಸದ್ದು ಬಂದು ನಿಂತಿತು. ಚಪ್ಪಲಿ ಬಿಡುವ ಸದ್ದು ಬರಲಿಲ್ಲ.

"ಮಾಸ್ತರ, ಅದೀರೇನ್ರಿ?"

ಗುರುನಾಥ ಹೊರಗೆ ಬಂದ. ರಜಾಕ ಹೊಸ್ತಿಲ ಹೊರಗೆ ನಿಂತಿದ್ದ, ಕೈಕಟ್ಟಿಕೊಂಡು, ಊರಿನ ಬೇರೆ ಬಾಗಿಲುಗಳ ಮುಂದೆ ನಿಲ್ಲುವ ಹಾಗೆ.

"ಇದೇನಲೇ, ಒಳಗ ಬಾ. ಚಹಾ ಆಗೇತಿ."

"ಇರ್ಲಿ ಬಿಡ್ರಿ. ಕೀಲಿ ಕೊಡ್ರಿ."

ಆ 'ರಿ' ಗುರುನಾಥನ ಕಿವಿಯಲ್ಲಿ ಉಳಿಯಿತು. ಸಾಲಿಯ ಹಲಗೆಯ ಮೇಲೆ ಪಾಟಿ ಒಡೆದು ಹೊಡೆದಾಡಿದಾಗಲೂ ಇವನು ರಿ ಹಚ್ಚಿರಲಿಲ್ಲ. ಮೊಳೆಯಿಂದ ಕೀಲಿ ತೆಗೆದು ತಂದ. ಕೊಡಲಿಲ್ಲ, ಹಿಡಿದುಕೊಂಡು ನಿಂತ.

"ಯಾಕ ಕೊಟ್ಟೀ ವಾರಕ್ಕೊಂದ?" ಅಂದ. ಕೇಳಬೇಕಾದ್ದು ಇದಲ್ಲ ಎಂದು ಗೊತ್ತಿತ್ತು. "ನಿನಗೂ ಅನುಮಾನ ಬರಲಿಲ್ಲೇನು?"

"ಬಂತ್ರಿ."

"ಮತ್ತ?"

"ಕೇಳಬಾರದು ಅಂತ ನೀವ ಹೇಳಿದ್ರಿ. ನಾ ನಂಬಿದ್ನಿ."

ಒಳಗೆ ಚಹಾ ಉಕ್ಕಿ ಒಲೆಯ ಮೇಲೆ ಚುಯ್ಯೆಂದಿತು. ಸುಮಂಗಲಾ ಬೇಕೆಂತಲೇ ತಡವಾಗಿ ಅದನ್ನು ಇಳಿಸಿದಳು.

"ಲೇ ರಜಾಕ," ಅಂದ ಗುರುನಾಥ. ದನಿ ಅವನಿಗೇ ಸಣ್ಣದಾಗಿ ಕೇಳಿತು. "ಸಿಟ್ಟ ಐತೇನೋ ನನ್ನ ಮ್ಯಾಲ?"

ರಜಾಕ ಓಣಿಯ ಆ ತುದಿ ನೋಡಿದ, ಈ ತುದಿ ನೋಡಿದ. ಅವನ ಮುಖದ ಮೇಲೆ ಒಂದು ನಗು ಇತ್ತು, ಅಥವಾ ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದನೋ.

"ಹೆಚ್ಚಾಗೇತ್ರಿ," ಅಂದ.

ಕೀಲಿ ತೆಗೆದುಕೊಂಡು ಟಂಟಂ ಏರಿದ. ಗುರುನಾಥ ಹೊಸ್ತಿಲ ಒಳಗೆ ನಿಂತುಕೊಂಡ. ಸಿಟ್ಟು ತೀರಿತೋ, ಬೆಳೆಯಿತೋ. ಕೇಳಲು ಬಾಯಿ ತೆರೆದ. ಎರಡನೇ ಪ್ರಶ್ನೆ ಇಲ್ಲ ಎಂಬ ನಿಯಮ ಅವನದೇ ಆಗಿತ್ತು. ಗಾಡಿ 'ಜ್ವಾಳ ಅದಾವ್ರಿ' ಅನ್ನಲು ಯಲ್ಲವ್ವನ ಮನೆಯ ಕಡೆ ಹೊರಳಿತು.